ಕಸ ಎಸೆದ ಮುದುಕಿ

ಪ್ರವಾದಿಯವರ ಮೇಲೆ ದಿನವೂ ಕಸ ಎಸೆಯುತ್ತಿದ್ದ ಮುದುಕಿ ಒಂದು ದಿನ ಕಾಣಲಿಲ್ಲ. ಕಾಯಿಲೆಯೆಂದು ತಿಳಿದು ಅವರೇ ಹೋಗಿ ಆರೈಕೆ ಮಾಡಿದರು. ಸೌಹಾರ್ದ ಸಭೆಗಳಲ್ಲಿ ಈ ಕಥೆ ಇಲ್ಲದ ಭಾಷಣವೇ ಅಪರೂಪ.

ಹದೀಸ್ ಶಾಸ್ತ್ರ ಮೊದಲು ಕೇಳುವುದು ಇಸ್ನಾದನ್ನು: ಯಾರು ಯಾರಿಂದ ಕೇಳಿದರೆಂಬ ಸರಪಳಿ. ಈ ಕಥೆ ಪ್ರಮುಖ ಸಂಗ್ರಹಗಳಲ್ಲಿಲ್ಲ; ಇದಕ್ಕೆ ದುರ್ಬಲ ಸರಪಳಿಯೂ ಸಿಗುವುದಿಲ್ಲ. ದಾರಿಗೆ ಮುಳ್ಳು ಹಾಕುತ್ತಿದ್ದಳೆಂದು ವ್ಯಾಖ್ಯಾನಕಾರರು ಹೇಳುವ ಅಬೂ ಲಹಬನ ಹೆಂಡತಿಯ ನೆನಪು ಬೆರೆತಿರಬಹುದೆಂದು ನನ್ನ ಊಹೆ. ಆದರೆ ಅವಳಿಗೆ ಕುರ್‌ಆನಿನ 111ನೇ ಅಧ್ಯಾಯದಲ್ಲಿರುವುದು ಶಾಪ.

ಬುಖಾರಿಯ ಸಂಗ್ರಹದಲ್ಲಿ ಅನಸ್ ಹೇಳುವುದು ಬೇರೆ ಘಟನೆ. ಪ್ರವಾದಿಯವರ ಸೇವೆಯಲ್ಲಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದ. ಅವರು ಹೋಗಿ ತಲೆಯ ಬಳಿ ಕೂತು, ಇಸ್ಲಾಂ ಸ್ವೀಕರಿಸೆಂದರು. ಹುಡುಗ ಅಪ್ಪನ ಮುಖ ನೋಡಿದ, ಅಪ್ಪ ಒಪ್ಪಿದ. ಸರಪಳಿ ಗಟ್ಟಿ, ಆದರೆ ಸೌಹಾರ್ದದ ವೇದಿಕೆಗೆ ಇದು ಅಷ್ಟು ಸಲೀಸಲ್ಲ.

ಉಮ್ಮ ಈಗಲೂ ಮನೆಯ ಮಕ್ಕಳಿಗೆ ಮುದುಕಿಯ ಕಥೆಯನ್ನೇ ಹೇಳುತ್ತಾರೆ. ನಾನಿನ್ನೂ ತಡೆದಿಲ್ಲ.