ಆಹವಮಲ್ಲನ ಕುರುವತ್ತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ಬರಗಾಲದ ನಾಡೆಂದು ಮಾತ್ರ ಬಲ್ಲವರು, ಅದರ ಅಂಚನ್ನು ತೊಳೆದು ಹರಿಯುವ ತುಂಗಭದ್ರೆಯ ತೀರದಲ್ಲಿ, ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ, ಸಾಮ್ರಾಟನೊಬ್ಬನು ಸ್ವೇಚ್ಛೆಯಿಂದ ದೇಹತ್ಯಾಗ ಮಾಡಿದನೆಂಬುದನ್ನು ಅರಿತಿರಲಾರರು.

ಆತನು ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರ, ಬಿರುದು ಆಹವಮಲ್ಲ. ಕಲ್ಯಾಣವನ್ನು ರಾಜಧಾನಿಯಾಗಿ ಬೆಳಗಿಸಿ, ಆಳ್ವಿಕೆಯುದ್ದಕ್ಕೂ ಚೋಳರೊಡನೆ ಸೆಣಸಿ, 1054ರ ಕೊಪ್ಪದ ಕಾಳಗದಲ್ಲಿ ರಾಜಾಧಿರಾಜ ಚೋಳನು ಆನೆಯ ಮೇಲೆಯೇ ಮಡಿದರೂ ಜಯಲಕ್ಷ್ಮಿ ಮಾತ್ರ ಆತನ ತಮ್ಮನ ಕಡೆಗೇ ತಿರುಗಿದುದನ್ನು ಕಂಡುಂಡ ವೀರನೀತನು. ಇಂಥವನು ದಾಹಜ್ವರದಿಂದ ಬಳಲಿ, ವೈದ್ಯರ ಔಷಧಿಗಳು ವ್ಯರ್ಥವಾಗಲು, ಮಂತ್ರಿಗಳ ಅನುಮತಿಯನ್ನು ಪಡೆದು, ದಕ್ಷಿಣಗಂಗೆಯೆನಿಸಿದ ತುಂಗಭದ್ರೆಗೆ ಬಂದು, ಸುವರ್ಣದಾನವನ್ನಿತ್ತು, ಶಿವಧ್ಯಾನಪರನಾಗಿ ಕಂಠಮಟ್ಟದ ನೀರಿಗಿಳಿದು, ವಾದ್ಯಘೋಷದ ನಡುವೆ ಮುಳುಗಿದನೆಂದು ಬಿಲ್ಹಣನು ವಿಕ್ರಮಾಂಕದೇವಚರಿತದ ನಾಲ್ಕನೆಯ ಸರ್ಗದಲ್ಲಿ ವರ್ಣಿಸಿದ್ದಾನೆ. ಅಂದು 1068ರ ಮಾರ್ಚ್ 29.

ಕಾಶ್ಮೀರದಿಂದ ಬಂದ ಈ ಕವಿಯನ್ನು ನಾನು ಪೂರ್ಣವಾಗಿ ನಂಬಲಾರೆ. ಅಣ್ಣನಾದ ಎರಡನೆಯ ಸೋಮೇಶ್ವರನನ್ನು 1076ರಲ್ಲಿ ಪದಚ್ಯುತಗೊಳಿಸಿ ಪಟ್ಟವೇರಿದ, ಆಹವಮಲ್ಲನ ಮಗ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನಿಗೆ, ತಂದೆಯ ಮನಸ್ಸು ಕಿರಿಯನ ಮೇಲೆಯೇ ಇದ್ದಿತೆಂದು ಹೇಳುವ ಅಗತ್ಯವಿತ್ತು, ಹೇಳಿಯೂ ಇದ್ದಾನೆ. ಆದರೆ ಈ ಮರಣದ ವಿಷಯದಲ್ಲಿ ಕಾವ್ಯಕ್ಕೆ ಶಾಸನದ ಬೆಂಬಲವುಂಟು: ಕುರುವತ್ತಿಯಲ್ಲಿ ಅರಸನು ಪರಮಯೋಗವನ್ನು ಕೈಗೊಂಡನೆಂದು ಕಲ್ಲುಗಳೂ ನುಡಿಯುತ್ತವೆ. ರೋಗಕ್ಕೆ ಸೋತು ಹಾಸಿಗೆಯಲ್ಲಿ ಸಾಯುವುದಕ್ಕಿಂತ ಮೃತ್ಯುವನ್ನು ತಾನೇ ಎದುರುಗೊಳ್ಳುವುದು ಲೇಸೆಂಬ ಆ ಕಾಲದ ಭಾವನೆ ಅರಸರಿಗಷ್ಟೇ ಮೀಸಲಾಗಿರಲಿಲ್ಲ. ಕನ್ನಡ ನಾಡಿನ ವೀರಗಲ್ಲುಗಳನ್ನು ನೋಡಿರಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ದನಗಳನ್ನು ಬಿಡಿಸಲು ಹೋಗಿ ಮಡಿದ ಹಳ್ಳಿಗನಿಗೂ ಇದೇ ಮೂರು ಮೆಟ್ಟಿಲು. ಕಾಳಗವನ್ನೂ ಲಿಂಗದ ಸನ್ನಿಧಿಯನ್ನೂ ಹೀಗೆ ಒಂದೇ ಕಲ್ಲಿನಲ್ಲಿ ಕೂಡಿಸಿದ ಆ ಜನಕ್ಕೆ, ಕೈಯ ಕಸುವು ಬೇರೆ, ಮನಸ್ಸಿನ ವಿಚಾರ ಬೇರೆ ಎಂಬ ವಿಭಜನೆ ತಿಳಿಯದು.

ಆಹವಮಲ್ಲನ ಮೊಮ್ಮಗ, ಮೂರನೆಯ ಸೋಮೇಶ್ವರನು, ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸವೇ ಇದಕ್ಕೆ ಸಾಕ್ಷಿ. ನೂರು ಅಧ್ಯಾಯಗಳ ಆ ಗ್ರಂಥದ ವಿನೋದವಿಂಶತಿಯಲ್ಲಿ, ಅರಸನು ಆಯುಧಕೌಶಲವನ್ನು ಮೆರೆಯುವ ವಿನೋದದ ಬೆನ್ನಿಗೇ ವಿದ್ವಾಂಸರ ವಾದಗೋಷ್ಠಿಯ ವಿನೋದ ಬರುತ್ತದೆ. ಆನೆ ಕುದುರೆಗಳ ಮಾತು ಮುಗಿಯಲು ದ್ವಂದ್ವಯುದ್ಧ, ಅದರ ಮುಂದೆ ಮಲ್ಲವಿನೋದ. ಮಲ್ಲರ ವಯೋಭೇದ, ಆಹಾರ, ಭಾರವೆತ್ತುವ, ಈಜುವ, ಕಂಬವನ್ನಾಶ್ರಯಿಸಿದ ಸಾಧನೆಗಳು, ಇವೆಲ್ಲವನ್ನೂ ಗರಡಿಯ ಉಸ್ತಾದನಿಗೆ ಸಲ್ಲುವ ಶ್ರದ್ಧೆಯಿಂದ ಚಕ್ರವರ್ತಿಯೊಬ್ಬನು ಬರೆದಿಟ್ಟಿದ್ದಾನೆ. ರಾಜ್ಯವಾಳುವುದರಲ್ಲಿ ಅಜ್ಜನ ಸಾಮರ್ಥ್ಯ ಈತನಿಗಿರಲಿಲ್ಲ. ಬದುಕಿನ ಮೇಲಣ ರುಚಿಯಲ್ಲಿ ಮಾತ್ರ ಅಜ್ಜನನ್ನು ಮೀರಿಸಿದನು.

ಕುರುವತ್ತಿಯಂತೆಯೇ ಹೊಳೆಯ ಸೀಮೆಯ ಮೈಲಾರದಲ್ಲಿ, ಮಣಿಮಲ್ಲಾಸುರರನ್ನು ಕೊಂದ ಮೈಲಾರಲಿಂಗಪ್ಪನ ಸನ್ನಿಧಿಯಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ಇಂದಿಗೂ ಜನ ನೆರೆಯುತ್ತಾರೆ. ಉಪವಾಸವಿದ್ದ ಗೊರವಯ್ಯನು, ಆ ದೇವರ ಭಕ್ತನು, ಎತ್ತರದ ಬಿಲ್ಲನ್ನೇರಿ ಭವಿಷ್ಯವಾಣಿಯಾದ ಕಾರಣಿಕವನ್ನು ನುಡಿಯುತ್ತಾನೆ. ಅಲ್ಲಿಗೆ ಹೋಗುವ ವಾಚಕರು ಕುರುವತ್ತಿಗೂ ಹೋಗಬೇಕು. ಅಲ್ಲಿಯ ಮಲ್ಲಿಕಾರ್ಜುನನ ಗುಡಿಯ ಮದನಿಕೆಗಳನ್ನು ಹೊಗಳಿ ಗುಡಿಯಿಂದಲೇ ಹಿಂದಿರುಗದೆ, ಹೊಳೆಯವರೆಗೂ ನಡೆದು ಬರಬೇಕು.