ಬೈಲೈನ್ ಇಲ್ಲದ ವರದಿಗೆ ಬಹುಮಾನ

ಪತ್ರಿಕಾ ಪ್ರಶಸ್ತಿಗೆ ಅರ್ಜಿ ಕರೆದಾಗ ಕೇಳುವ ಪ್ರಶ್ನೆಗಳು ಹೆಚ್ಚಿಲ್ಲ. ವರದಿ ಯಾವ ವಿಭಾಗಕ್ಕೆ ಸೇರಿದ್ದು, ಯಾವ ದಿನಾಂಕದ ಪತ್ರಿಕೆಯಲ್ಲಿ ಬಂದದ್ದು, ಬರೆದವರು ಯಾರು, ಮೂಲ ಪ್ರತಿ ಲಗತ್ತಿಸಿದೆಯೇ. ಬೆಂಗಳೂರಿನ ಕಚೇರಿಯಲ್ಲಿ ಕುಳಿತ ವರದಿಗಾರನಿಗೆ ಇವನ್ನು ತುಂಬಲು ಹತ್ತು ನಿಮಿಷ ಸಾಕು. ಮಾಗಡಿಯಂಥ ತಾಲ್ಲೂಕು ಕೇಂದ್ರದಿಂದ ಸುದ್ದಿ ಕಳುಹಿಸುವವನಿಗೆ ಮಾತ್ರ ಮೂರನೆಯ ಪ್ರಶ್ನೆಯೇ ಬಹುಕಾಲ ತೊಡಕಾಗಿತ್ತು. ಅವನ ಬರಹ ಅಚ್ಚಾಗುತ್ತಿದ್ದುದು ‘ಮಾಗಡಿ:’ ಎಂಬ ಊರ ಹೆಸರಿನ ಕೆಳಗೆ. ಅವನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಕನ್ನಡ ಪತ್ರಿಕಾ ಪ್ರಶಸ್ತಿಗಳ ವಿಭಾಗಗಳೂ ನಿಯಮಗಳೂ ಬೆಳೆದುಬಂದ ಕಥೆಯನ್ನು ಈ ಹೆಸರಿಲ್ಲದ ವರದಿಯ ಕಡೆಯಿಂದ ನೋಡಿದರೆ ಅದರ ಸ್ವಭಾವ ಹೆಚ್ಚು ಸ್ಪಷ್ಟವಾಗುತ್ತದೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಆ ದಿನವೇ ಇಂದು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿದ್ದು, ಅನೇಕ ಪ್ರಶಸ್ತಿಗಳ ವಿತರಣೆ ಅದರ ಆಸುಪಾಸಿನಲ್ಲೇ ನಡೆಯುತ್ತದೆ. ಆದರೆ ಆ ಪತ್ರಿಕೆಯ ಕಾಲದಲ್ಲಿ ವರದಿಗಾರ ಎಂಬ ಪ್ರತ್ಯೇಕ ಕಸುಬುದಾರನೇ ಇರಲಿಲ್ಲ. ಮುಂದಿನ ಸುಮಾರು ನೂರು ವರ್ಷ ಸುದ್ದಿಯ ತಲೆಯ ಮೇಲೆ ಕಾಣುತ್ತಿದ್ದುದು ‘ನಮ್ಮ ಬಾತ್ಮೀದಾರರಿಂದ’, ‘ನಮ್ಮ ಪ್ರತಿನಿಧಿಯಿಂದ’ ಎಂಬಂಥ ಮಾತುಗಳೇ. ಹೆಸರು ಸಂಪಾದಕನದು, ಹೊಣೆಯೂ ಅವನದೇ. ದಂಡವೂ ಅವನ ಪಾಲಿಗೇ ಬರುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗೂ ಸರ್ಕಾರಕ್ಕೂ ನಡುವೆ ಬಂದ ಮೊದಲ ದೊಡ್ಡ ನಿಯಮಾವಳಿ ಬಹುಮಾನದ್ದಲ್ಲ, ಅಪ್ಪಣೆಯದು. 1908ರ ವೃತ್ತಪತ್ರಿಕೆಗಳ ನಿಬಂಧನೆಯ ಪ್ರಕಾರ ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕಾಯಿತು. ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮಾಗಡಿಯ ಆಸುಪಾಸಿನ ಸೀಮೆಯವರೇ ಆದ ಎಚ್.ಎಸ್. ದೊರೆಸ್ವಾಮಿ ಹಳೆಯ ಕನಕಪುರ ತಾಲ್ಲೂಕಿನ ಹಾರೋಹಳ್ಳಿಯಲ್ಲಿ 1918ರಲ್ಲಿ ಹುಟ್ಟಿದವರು. ಅವರ ‘ಪೌರವಾಣಿ’ 1947ರ ಮೈಸೂರು ಚಲೋ ಚಳವಳಿಯಲ್ಲಿ ಸರ್ಕಾರದ ಕಣ್ಣಿಗೆ ಬಿದ್ದಾಗ ಸಂಸ್ಥಾನದ ಗಡಿಯಾಚೆಯ ಹಿಂದೂಪುರದಲ್ಲಿ ಅಚ್ಚಾಗಬೇಕಾಯಿತು. ಆ ತಲೆಮಾರಿನ ಪತ್ರಕರ್ತರಿಗೆ ಸರ್ಕಾರದ ಮುದ್ರೆ ಒತ್ತಿದ ಕಾಗದ ಬಂದರೆ ಅದು ಅಭಿನಂದನಾ ಪತ್ರವಲ್ಲ ಎಂಬುದು ಲಕೋಟೆ ಒಡೆಯುವ ಮೊದಲೇ ಗೊತ್ತಿರುತ್ತಿತ್ತು.

ಬಹುಮಾನ ಕೊಡಬೇಕಾದರೆ ಮೊದಲು ಕಸುಬಿಗೊಂದು ಮೇರೆ ಬೇಕು. ಯಾರು ಪತ್ರಕರ್ತ, ಯಾರು ಅಲ್ಲ ಎಂಬುದು ನಿಶ್ಚಯವಾಗಬೇಕು. ಆ ಕೆಲಸ ಸಂಘಟನೆಯ ಮೂಲಕ ಶುರುವಾಯಿತು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ್ದ ಪತ್ರಕರ್ತರ ಸಮ್ಮೇಳನಕ್ಕೆ ಡಿ.ವಿ. ಗುಂಡಪ್ಪ ಅಧ್ಯಕ್ಷರಾಗಿದ್ದರು. ಇಂದಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘವೂ 1932ರಲ್ಲಿ ಡಿವಿಜಿಯವರಿಂದಲೇ ಆರಂಭವಾಯಿತೆಂದು ತನ್ನ ಇತಿಹಾಸವನ್ನು ಹೇಳಿಕೊಳ್ಳುತ್ತದೆ. ಸ್ವಾತಂತ್ರ್ಯಾನಂತರ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಈ ಮೇರೆಗೆ ಕಾನೂನಿನ ಬಲ ಕೊಟ್ಟಿತು. ಅದರ ವ್ಯಾಖ್ಯೆಯಲ್ಲಿ ಮುಖ್ಯ ಮಾತೊಂದಿತ್ತು: ಪತ್ರಿಕೋದ್ಯಮವೇ ಆತನ ಪ್ರಧಾನ ಕಸುಬಾಗಿರಬೇಕು.

ತಾಲ್ಲೂಕು ಮಟ್ಟದಲ್ಲಿ ಈ ಮಾತು ಸುಲಭವಾಗಿ ಹೊಂದುವುದಿಲ್ಲ. ಅಲ್ಲಿಯ ಅರೆಕಾಲಿಕ ವರದಿಗಾರ ಬೆಳಗಿನ ಜಾವ ಪತ್ರಿಕೆಯ ಕಟ್ಟು ಇಳಿಸಿಕೊಳ್ಳುವ ಏಜೆಂಟನೂ ಆಗಿರುತ್ತಿದ್ದ; ಹಗಲಿಗೆ ಅಂಗಡಿಯೋ ಹೊಲವೋ ಇನ್ನೊಂದು ಉದ್ಯೋಗವೋ ಇರುತ್ತಿತ್ತು. ಸುದ್ದಿ ಬರೆದು ಲಕೋಟೆಗೆ ಹಾಕಿ ಸಂಜೆಯ ಬೆಂಗಳೂರು ಬಸ್ಸಿನವರ ಕೈಗೆ ಕೊಡುವುದು ಫ್ಯಾಕ್ಸ್ ಬರುವವರೆಗೂ ನಡೆದ ಪದ್ಧತಿ. ಪ್ರಕಟವಾದ ಸುದ್ದಿಯ ಕಾಲಂ ಉದ್ದ ಅಳೆದು ಸಂಭಾವನೆ ಕಟ್ಟುತ್ತಿದ್ದರು. ಹೀಗೆ ದುಡಿದವನು ಕಾಯ್ದೆಯ ಭಾಷೆಯಲ್ಲಿ ಪತ್ರಕರ್ತನೋ ಅಲ್ಲವೋ ಎಂಬ ಅನುಮಾನ ಉಳಿದಿರುವಾಗ ಪ್ರಶಸ್ತಿಯ ಅರ್ಜಿಗೂ ಅದೇ ಅನುಮಾನ ಅಂಟಿಕೊಂಡಿತು. ಹಲವು ಪ್ರಶಸ್ತಿಗಳಿಗೆ ಸಂಘದ ಸದಸ್ಯತ್ವವೋ ಸಂಸ್ಥೆಯ ಗುರುತಿನ ಚೀಟಿಯೋ ಸಂಪಾದಕರ ಶಿಫಾರಸೋ ಬೇಕಾಗುತ್ತದೆ. ಇವು ಮೇಲ್ನೋಟಕ್ಕೆ ಸಣ್ಣ ಕಾಗದಗಳು. ಆದರೆ ಬಾಗಿಲಲ್ಲಿ ನಿಂತು ಒಳಗೆ ಬಿಡುವವರೂ ಬಿಡದವರೂ ಇವೇ.

ಹೊರಗಿನ ದೇಶಗಳಲ್ಲಿ ವಿಭಾಗಗಳು ಬೆಳೆದ ಬಗೆ ಬೇರೆ. ಅಮೆರಿಕದ ಪುಲಿಟ್ಜರ್ ಬಹುಮಾನ 1917ರಲ್ಲಿ ಮೊದಲ ಬಾರಿ ಕೊಟ್ಟಾಗ ಪತ್ರಿಕೆಗಳ ಪಾಲಿಗೆ ಬಂದದ್ದು ವರದಿಗೊಂದು, ಸಂಪಾದಕೀಯಕ್ಕೊಂದು. ವ್ಯಂಗ್ಯಚಿತ್ರ 1922ರಲ್ಲಿ, ಛಾಯಾಚಿತ್ರ 1942ರಲ್ಲಿ ಸೇರಿದವು. ಒಬ್ಬ ಪತ್ರಿಕಾ ಮಾಲೀಕನ ಉಯಿಲಿನಿಂದ ಹುಟ್ಟಿದ ಬಹುಮಾನವನ್ನು ಒಂದೇ ವಿಶ್ವವಿದ್ಯಾಲಯ ನೋಡಿಕೊಂಡಿದ್ದರಿಂದ ವಿಭಾಗಗಳು ಪತ್ರಿಕೆಯ ಪುಟ ಬದಲಾದಂತೆ ಬದಲಾದವು.

ಕನ್ನಡದಲ್ಲಿ ಅಂಥ ಒಂದೇ ಬೇರು ಇಲ್ಲ. ಇಲ್ಲಿ ಬಹುಮಾನಗಳು ಎರಡು ದಾರಿಯಲ್ಲಿ ಬಂದವು: ಸರ್ಕಾರದ್ದೊಂದು, ದತ್ತಿಯದಿನ್ನೊಂದು. ಸರ್ಕಾರದ ದಾರಿಯಲ್ಲಿ ಮೊದಲು ಬರುವುದು 1966ರಿಂದ ಕೊಡುತ್ತಿರುವ ರಾಜ್ಯೋತ್ಸವ ಪ್ರಶಸ್ತಿ. ಅದರ ಹಲವು ಕ್ಷೇತ್ರಗಳಲ್ಲಿ ಪತ್ರಿಕೋದ್ಯಮವೂ ಒಂದು. 1980ರ ದಶಕದಲ್ಲಿ ಪತ್ರಿಕಾ ಅಕಾಡೆಮಿ ರೂಪುಗೊಂಡು ಮುಂದೆ ಮಾಧ್ಯಮ ಅಕಾಡೆಮಿ ಎಂದು ಹೆಸರು ಬದಲಿಸಿಕೊಂಡಿತು. ‘ಪ್ರಜಾವಾಣಿ’ಯ ಸಂಪಾದಕರಾಗಿ, ‘ಛೂಬಾಣ’ ಅಂಕಣದಿಂದ ಹೆಸರಾಗಿದ್ದ ಟಿ.ಎಸ್. ರಾಮಚಂದ್ರರಾವ್ ಅವರ ನೆನಪಿನಲ್ಲಿ 1993ರಿಂದ ಟಿಎಸ್ಆರ್ ಪ್ರಶಸ್ತಿ, ‘ಸಂಯುಕ್ತ ಕರ್ನಾಟಕ’ದ ಮೊಹರೆ ಹಣಮಂತರಾಯರ ಹೆಸರಿನಲ್ಲಿ 2001ರಿಂದ ಇನ್ನೊಂದು ಪ್ರಶಸ್ತಿ ನಡೆದುಬಂದಿವೆ. ಮೊದಲನೆಯದು ಬರೆದು ಬಾಳಿದವರಿಗೆ, ಎರಡನೆಯದು ಪತ್ರಿಕೆಯನ್ನು ಕಟ್ಟಿ ನಡೆಸಿದವರಿಗೆ. ಅಭಿವೃದ್ಧಿ ಪತ್ರಿಕೋದ್ಯಮ, ಪರಿಸರ ಪತ್ರಿಕೋದ್ಯಮ ಎಂಬ ವಿಷಯಾಧಾರಿತ ಪ್ರಶಸ್ತಿಗಳೂ ವಾರ್ತಾ ಇಲಾಖೆಯ ಮೂಲಕ ಸೇರಿಕೊಂಡವು. ಜೀವಮಾನದ ಸಾಧನೆಯ ಪ್ರಶಸ್ತಿಗಳಲ್ಲಿ ತೂಗುವುದು ವ್ಯಕ್ತಿಯನ್ನು. ವಿಷಯಾಧಾರಿತ ಪ್ರಶಸ್ತಿಗಳಲ್ಲಿ ತೂಗುವುದು ಕತ್ತರಿಸಿ ಅಂಟಿಸಿದ ಕಾಗದವನ್ನು. ತಾಲ್ಲೂಕಿನವರು ಪೈಪೋಟಿಗೆ ಇಳಿಯಬಹುದಾದದ್ದು ಎರಡನೆಯ ಬಗೆಯಲ್ಲಿ ಮಾತ್ರ.

ದತ್ತಿಯ ದಾರಿ ಇದಕ್ಕಿಂತ ಸ್ವಾರಸ್ಯದ್ದು. ದೇವಾಲಯಕ್ಕೆ, ಶಾಲೆಗೆ, ಸಾಹಿತ್ಯ ಪರಿಷತ್ತಿಗೆ ಮೂಲಧನ ಇಟ್ಟು ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯ ನಡೆಸುವ ಹಳೆಯ ಪದ್ಧತಿಯೇ ಪತ್ರಿಕಾ ಲೋಕಕ್ಕೂ ಬಂತು. ಹಣ ಇಟ್ಟವರು ಹೆಸರನ್ನೂ ಹೇಳುತ್ತಾರೆ, ವಿಷಯವನ್ನೂ ಹೇಳುತ್ತಾರೆ. ಆದ್ದರಿಂದ ಕನ್ನಡದ ಪ್ರಶಸ್ತಿ ವಿಭಾಗಗಳ ಪಟ್ಟಿಯನ್ನು ಓದುವುದೆಂದರೆ ಯಾರು ಯಾವುದನ್ನು ಮುಖ್ಯವೆಂದುಕೊಂಡಿದ್ದರು ಎಂಬುದನ್ನು ಓದಿದಂತೆ. ಅಕಾಡೆಮಿಯ ದತ್ತಿ ಪ್ರಶಸ್ತಿಗಳಲ್ಲಿ ‘ಅಭಿಮಾನಿ’ ಸಾಮಾಜಿಕ ಸಮಸ್ಯೆಯ ಬರಹಕ್ಕೆ, ‘ಮೈಸೂರು ದಿಗಂತ’ ಮಾನವೀಯ ಸಮಸ್ಯೆಯ ಬರಹಕ್ಕೆ, ‘ಅರಗಿಣಿ’ ಸಿನಿಮಾ ಬರಹಕ್ಕೆ, ‘ಆಂದೋಲನ’ ಜಿಲ್ಲಾ ಮಟ್ಟದ ಪತ್ರಿಕೆಗೆ. ಕೊನೆಯದರಲ್ಲಿ ಮಾತ್ರ ಬಹುಮಾನ ಬರಹಕ್ಕಲ್ಲ, ಇಡೀ ಪತ್ರಿಕೆಗೆ. 1972ರಲ್ಲಿ ಧಾರವಾಡದಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಯೂರಿದ ‘ಆಂದೋಲನ’ ತಾನೇ ಜಿಲ್ಲಾ ಪತ್ರಿಕೆಯಾಗಿ ಬೆಳೆದದ್ದರಿಂದ ಆ ಆಯ್ಕೆ ಸಹಜ.

ಕಾರ್ಯನಿರತ ಪತ್ರಕರ್ತರ ಸಂಘದ ವಾರ್ಷಿಕ ಪ್ರಶಸ್ತಿಗಳಲ್ಲಿ ಈ ದತ್ತಿಯ ಗುಣ ಇನ್ನೂ ಎದ್ದು ಕಾಣುತ್ತದೆ. ಜಿ. ನಾರಾಯಣಸ್ವಾಮಿ ಹೆಸರಿನದು ಗ್ರಾಮಾಂತರ ವರದಿಗೆ, ಗಿರಿಧರ್ ಹೆಸರಿನದು ಅಪರಾಧ ವರದಿಗೆ, ಬಿ.ಎಸ್. ವೆಂಕಟರಾಂ ಹೆಸರಿನದು ಸ್ಕೂಪ್‌ಗೆ, ಕೆ.ಎ. ನೆಟ್ಟಕಲ್ಲಪ್ಪ ಹೆಸರಿನದು ಕ್ರೀಡಾ ವರದಿಗೆ. ಖಾದ್ರಿ ಶಾಮಣ್ಣ ಪ್ರಶಸ್ತಿ ವಿಮರ್ಶಾತ್ಮಕ ಲೇಖನಕ್ಕೆ, ಆರ್.ಎಲ್. ವಾಸುದೇವರಾವ್ ಪ್ರಶಸ್ತಿ ಅರಣ್ಯದ ಬರಹಕ್ಕೆ, ಬಿ.ಜಿ. ತಿಮ್ಮಪ್ಪಯ್ಯ ಪ್ರಶಸ್ತಿ ಆರ್ಥಿಕವಾಗಿ ದುರ್ಬಲರಾದವರ ಕುರಿತ ವರದಿಗೆ. ವಾರಪತ್ರಿಕೆಯ ಮಾನವೀಯ ವರದಿಗೆ ‘ಮಂಗಳ’ದ ಎಂ.ಸಿ. ವರ್ಗೀಸ್ ಹೆಸರಿನ ಪ್ರಶಸ್ತಿ ಇದೆ. ಪುಟ ವಿನ್ಯಾಸ ಮಾಡುವ ಡೆಸ್ಕಿನವರಿಗೆ, ಛಾಯಾಗ್ರಾಹಕರಿಗೆ ವಿಭಾಗಗಳು ಬಂದದ್ದೂ ಉಂಟು. ಪಟ್ಟಿ ಒಪ್ಪವಾಗಿಲ್ಲ, ಒಂದರ ಅಂಚು ಇನ್ನೊಂದರ ಮೇಲೆ ಬೀಳುತ್ತದೆ. ಹಳ್ಳಿಯ ಬಡ ಕುಟುಂಬವೊಂದರ ವರದಿ ಗ್ರಾಮಾಂತರಕ್ಕೂ ಸಲ್ಲುತ್ತದೆ, ದುರ್ಬಲ ವರ್ಗಕ್ಕೂ ಸಲ್ಲುತ್ತದೆ. ಆದರೂ ಈ ಅಡ್ಡಾದಿಡ್ಡಿ ಪಟ್ಟಿಯಿಂದಲೇ ತಾಲ್ಲೂಕಿನವರಿಗೆ ಲಾಭವಾಯಿತೆನ್ನಬೇಕು. ವರದಿ, ಸಂಪಾದಕೀಯ ಎಂದು ಎರಡೇ ವಿಭಾಗಗಳಿದ್ದಿದ್ದರೆ ಕಾಡಂಚಿನ ಊರಿನ ಸುದ್ದಿ ವಿಧಾನಸೌಧದ ಸುದ್ದಿಯೊಡನೆ ಸೆಣಸಬೇಕಾಗಿತ್ತು.

ಮಾಗಡಿ ತಾಲ್ಲೂಕಿಗೆ ಈ ವಿಭಾಗಗಳು ಹೇಳಿ ಮಾಡಿಸಿದಂತಿವೆ. ಸಾವನದುರ್ಗದ ಬೆಟ್ಟ ಮತ್ತು ಕಾಡು, ಬೆಂಗಳೂರಿಗೆ ನೀರು ಕೊಟ್ಟ ತಿಪ್ಪಗೊಂಡನಹಳ್ಳಿ ಜಲಾಶಯ, ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಅಣೆಕಟ್ಟೆ, ಕಲ್ಲು ಗಣಿಗಳು, ಚಳಿಗಾಲದ ಅವರೆಕಾಯಿ ಮಾರುಕಟ್ಟೆ – ಅರಣ್ಯ, ಪರಿಸರ, ಅಭಿವೃದ್ಧಿ, ಗ್ರಾಮಾಂತರ, ಯಾವ ಹೆಸರು ಹೇಳಿದರೂ ತಾಲ್ಲೂಕಿನಲ್ಲಿ ಅದಕ್ಕೊಂದು ಸುದ್ದಿ ಸಿಗುತ್ತದೆ. ತೊಡಕೆಂದರೆ ಊರು ರಾಜಧಾನಿಗೆ ತೀರ ಹತ್ತಿರ. ದೊಡ್ಡ ಸುದ್ದಿಯಾದರೆ ಬೆಂಗಳೂರಿನಿಂದ ವರದಿಗಾರ ತಾನೇ ಬಂದು ತನ್ನ ಹೆಸರಿನಲ್ಲಿ ಬರೆಯುತ್ತಾನೆ. ಸ್ಥಳೀಯನ ಪಾಲಿಗೆ ಉಳಿಯುವುದು ದಾರಿ ತೋರಿಸುವ ಕೆಲಸ.

ಇಲ್ಲಿಯ ಅತಿ ದೊಡ್ಡ ಉದಾಹರಣೆ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ. ಮಕ್ಕಳಿಲ್ಲದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದ್ದು ದಶಕಗಳ ಕೆಲಸ. ಊರವರು ಅದನ್ನು ದಿನವೂ ಕಾಣುತ್ತಿದ್ದರು. ನಾಡಿಗೆ ಅದು ತಿಳಿದದ್ದು ಪತ್ರಿಕೆಗಳ ಮೂಲಕ. ಆ ಪರಿಚಯದ ಬೆನ್ನಿಗೆ ಅವರಿಗೆ 1995ರ ರಾಷ್ಟ್ರೀಯ ಪೌರ ಪ್ರಶಸ್ತಿ ಬಂತು, 2019ರಲ್ಲಿ ಪದ್ಮಶ್ರೀ ಬಂತು. ಪತ್ರಿಕಾ ಪ್ರಶಸ್ತಿಯ ನಿಯಮಗಳ ದೃಷ್ಟಿಯಿಂದ ಈ ಸುದ್ದಿ ಒಂದು ಪಾಠ. ಮರಗಳ ಸಂಖ್ಯೆ ಕೆಲವು ಬರಹಗಳಲ್ಲಿ 284, ಇನ್ನು ಕೆಲವುಗಳಲ್ಲಿ 385. ತೀರ್ಪುಗಾರರ ಮುಂದಿರುವುದು ಪ್ರಕಟವಾದ ತುಣುಕು ಮಾತ್ರ; ಸ್ಥಳಕ್ಕೆ ಹೋಗಿ ಎಣಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆ ರಸ್ತೆಯಲ್ಲಿ ನಡೆದು ಎಣಿಸಬಲ್ಲವನು ಆ ಊರಿನ ವರದಿಗಾರನೇ.

ವಿಭಾಗದ ಹೆಸರಿನಷ್ಟೇ ಜಿಲ್ಲೆಯ ಗಡಿಯೂ ಇಲ್ಲಿ ಕೆಲಸ ಮಾಡಿದೆ. ಮಾಗಡಿ ಮೊದಲು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ, 2007ರ ಆಗಸ್ಟ್ 23ರಂದು ಹೊಸದಾದ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. 1986ರಿಂದ 2007ರವರೆಗಿನ 21 ವರ್ಷ ಇಡೀ ಜಿಲ್ಲೆಯ ಹೆಸರಿನಲ್ಲೇ ‘ಗ್ರಾಮಾಂತರ’ ಇದ್ದುದರಿಂದ ಅಲ್ಲಿಯ ಯಾವ ವರದಿ ಗ್ರಾಮಾಂತರವಲ್ಲ ಎಂದು ಕೇಳಿದ್ದರೆ ತೀರ್ಪುಗಾರರಿಗೆ ಉತ್ತರ ಕಷ್ಟವಾಗುತ್ತಿತ್ತು. ರಾಮನಗರ ಜಿಲ್ಲೆಯಾದ ಮೇಲೆ ದೊಡ್ಡ ದಿನಪತ್ರಿಕೆಗಳಲ್ಲಿ ಜಿಲ್ಲೆಯ ಸುದ್ದಿಗೆ ಪ್ರತ್ಯೇಕ ಪುಟ ಬಂತು, ಮಾಗಡಿ, ಚನ್ನಪಟ್ಟಣ, ಕನಕಪುರದವರಿಗೆ ಹೆಚ್ಚು ಜಾಗ ಸಿಕ್ಕಿತು. ಜಾಗದ ಜೊತೆಗೆ ಅಲ್ಲಲ್ಲಿ ಹೆಸರೂ ಅಚ್ಚಾಗತೊಡಗಿತು. ಜಿಲ್ಲಾ ಪುಟಕ್ಕೆ ಬೇರೆ ದೋಷವೂ ಇದೆ: ಅದು ಜಿಲ್ಲೆಯ ಗಡಿ ದಾಟುವುದಿಲ್ಲ, ರಾಜ್ಯಮಟ್ಟದ ಓದುಗ ಅದನ್ನು ನೋಡುವುದೇ ಇಲ್ಲ.

ಕೆಂಪೇಗೌಡರ ಹೆಸರಿನ ಪ್ರಶಸ್ತಿಯನ್ನೂ ಇಲ್ಲಿ ನೆನೆಯಬೇಕು. ಬಿಜಾಪುರದ ಸೇನೆ 1638ರಲ್ಲಿ ಬೆಂಗಳೂರನ್ನು ಗೆದ್ದ ಮೇಲೆ ಆ ಮನೆತನದ ರಾಜಧಾನಿಯಾದದ್ದು ಮಾಗಡಿ. ಆದರೆ ಕೆಂಪೇಗೌಡ ಪ್ರಶಸ್ತಿಯನ್ನು ಕೊಡುತ್ತಿದ್ದುದು ಬೆಂಗಳೂರು ಮಹಾನಗರ ಪಾಲಿಕೆ. ಮಾಧ್ಯಮವೂ ಅದರ ಕ್ಷೇತ್ರಗಳಲ್ಲೊಂದಾಗಿತ್ತು. ಒಂದೊಂದು ವರ್ಷ ಪುರಸ್ಕೃತರ ಸಂಖ್ಯೆ ನೂರನ್ನು ಮೀರಿ ಟೀಕೆಗೆ ಗುರಿಯಾದದ್ದು, ವಿಭಾಗಗಳಿದ್ದೂ ಪ್ರವೇಶದ ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ.

ನಿಯಮಗಳು ಬಿಗಿಯಾಗಿರುವ ಕಡೆ ಅವು ಬಹುಪಾಲು ಒಂದೇ ತೆರನಾಗಿವೆ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಪ್ರಕಟವಾದದ್ದಾಗಿರಬೇಕು. ಮೂಲ ಪ್ರತಿಯ ಜೊತೆ ಜೆರಾಕ್ಸ್ ಪ್ರತಿಗಳಿರಬೇಕು. ಲಕೋಟೆಯ ಮೇಲೆ ವಿಭಾಗದ ಹೆಸರು ಬರೆದಿರಬೇಕು. ತೀರ್ಪುಗಾರರ ತೀರ್ಮಾನವೇ ಅಂತಿಮ. ಮೂಲ ಪ್ರತಿಯ ನಿಯಮ ಪತ್ರಿಕೆಯ ಏಜೆಂಟನೂ ಆಗಿದ್ದ ವರದಿಗಾರನಿಗೆ ಒಂದು ರೀತಿಯಲ್ಲಿ ಅನುಕೂಲವೇ ಆಗಿತ್ತು: ಉಳಿದ ಪ್ರತಿಗಳು ಅವನ ಮನೆಯಲ್ಲೇ ಕಟ್ಟಾಗಿ ಬಿದ್ದಿರುತ್ತಿದ್ದವು. ಈಗ ಇ–ಪೇಪರಿನ ಪುಟ ತೆಗೆಯುವುದು ಸುಲಭವಾಗಿದೆ. ಆದರೆ ತಾಲ್ಲೂಕು ಸುದ್ದಿ ಒಂದು ಜಿಲ್ಲೆಯ ಆವೃತ್ತಿಯಲ್ಲಿ ಮಾತ್ರ ಬಂದಿದ್ದರೆ ಆ ಪುಟವನ್ನು ಆಯಾ ದಿನವೇ ಇಳಿಸಿಟ್ಟುಕೊಳ್ಳುವುದು ಜಾಣತನ.

ಹೆಸರಿನ ಪ್ರಶ್ನೆಗೆ ನಿಯಮ ಮಾಡಿದವರು ಕಂಡುಕೊಂಡ ದಾರಿ ಸರಳವಾದದ್ದು. ಬೈಲೈನ್ ಇಲ್ಲದ ವರದಿಯಾದರೆ ಅದು ಇಂಥವರೇ ಬರೆದದ್ದೆಂದು ಸಂಪಾದಕರು ದೃಢೀಕರಿಸಿ ಪತ್ರ ಕೊಡಬೇಕು. ಬಾತ್ಮೀದಾರನ ಕಾಲದ ಅನಾಮಿಕತೆಯನ್ನು ಪ್ರಶಸ್ತಿಯ ನಿಯಮ ಒಪ್ಪಿಕೊಂಡದ್ದು ಈ ಒಂದು ವಾಕ್ಯದಲ್ಲಿ. ಈ ಕಲಮು ಇಲ್ಲದಿದ್ದರೆ ತಾಲ್ಲೂಕಿನ ಅರ್ಧಕ್ಕರ್ಧ ಬರಹ ಸ್ಪರ್ಧೆಯ ಹೊರಗೇ ಉಳಿಯುತ್ತಿತ್ತು. ಇರುವುದರಿಂದ, ಬೆಂಗಳೂರಿನ ಕಚೇರಿಯಲ್ಲಿ ತನ್ನ ಮುಖ ಪರಿಚಯವೇ ಇಲ್ಲದ ಸಂಪಾದಕರ ಸಹಿಗಾಗಿ ಮಾಗಡಿಯ ವರದಿಗಾರ ಬಸ್ಸು ಹತ್ತಬೇಕಾಗುತ್ತದೆ. ಸಹಿ ಹಾಕಿದ ಆ ಪತ್ರವನ್ನು ಮೂಲ ಪ್ರತಿಯ ಹಿಂದೆ ಪಿನ್ನು ಚುಚ್ಚಿ ಸೇರಿಸಿದ ಮೇಲಷ್ಟೇ ಅರ್ಜಿ ಪೂರ್ಣವಾಗುತ್ತದೆ.