ಬ್ಲೌಸ್ ಅಳತೆ 36 ಇದ್ದರೆ ಬ್ರಾ ಸೈಜೂ 36 ಆಗಿರಬೇಕೇ? ಸರಿಯಾದ ಸೈಜ್ ತಿಳಿಯುವುದು ಹೀಗೆ

ಬಿಗಿ ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತದೆ, ಕಪ್ಪು ಬ್ರಾ ಧರಿಸಿ ಬಿಸಿಲಿಗೆ ಹೋಗಬಾರದು, ರಾತ್ರಿ ಬ್ರಾ ತೆಗೆಯದಿದ್ದರೆ ಅಪಾಯ. ಇಂಥ ಸಂದೇಶಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಆದರೆ ಸರಿಯಾದ ಸೈಜ್ ಕಂಡುಕೊಳ್ಳುವುದು ಹೇಗೆ ಎಂಬ ಸಂದೇಶ ಬರುವುದು ಅಪರೂಪ. ಅಂಗಡಿಯಲ್ಲಿ ಕೇಳಲು ಸಂಕೋಚ, ಮನೆಯಲ್ಲಿ ಮಾತಾಡಲು ಮುಜುಗರ. ಹೀಗಾಗಿ ಅನೇಕರು ಹಿಂದೆ ತಂದಿದ್ದ ಸೈಜನ್ನೇ ಮತ್ತೆ ಮತ್ತೆ ತರುತ್ತಾರೆ, ಇಲ್ಲವೇ ಬ್ಲೌಸ್ ಅಳತೆಯನ್ನೇ ಹೇಳಿಬಿಡುತ್ತಾರೆ.

ಬ್ಲೌಸ್ ಅಳತೆ ಮತ್ತು ಬ್ರಾ ಸೈಜ್ ಒಂದೇ ಅಲ್ಲ. ಮನೆಯಲ್ಲೇ ಒಂದು ಟೇಪ್ ಇದ್ದರೆ ಐದು ನಿಮಿಷದಲ್ಲಿ ನಿಮ್ಮ ಸೈಜ್ ತಿಳಿದುಕೊಳ್ಳಬಹುದು.

34ಬಿ ಎಂದರೆ ಏನು?

ಬ್ರಾ ಸೈಜಿನಲ್ಲಿ ಎರಡು ಭಾಗಗಳಿವೆ. ಸಂಖ್ಯೆ (32, 34, 36) ಎದೆಯ ಕೆಳಗೆ ಮೈಸುತ್ತ ಬರುವ ಪಟ್ಟಿಗೆ ಸಂಬಂಧಿಸಿದ್ದು. ಅಕ್ಷರ (ಎ, ಬಿ, ಸಿ, ಡಿ) ಕಪ್ಪಿಗೆ ಸಂಬಂಧಿಸಿದ್ದು. ಬರೀ 34 ಕೊಡಿ ಎಂದು ಕೇಳುವುದು ಅರ್ಧ ವಿಳಾಸ ಹೇಳಿದ ಹಾಗೆ. 34ಎ ಮತ್ತು 34ಡಿ ನಡುವೆ ಬಹಳ ವ್ಯತ್ಯಾಸವಿದೆ.

ಇನ್ನೊಂದು ಗೊಂದಲವೂ ಇದೆ. 34 ಎಂದರೆ ಎದೆಯ ಕೆಳಗಿನ ಸುತ್ತಳತೆ 34 ಇಂಚು ಎಂದಲ್ಲ. ಕೆಲವು ಪೆಟ್ಟಿಗೆಗಳ ಮೇಲೆ 34ಬಿ ಜೊತೆಗೆ 75ಬಿ ಎಂದೂ ಬರೆದಿರುತ್ತದೆ. ಆ 75 ಸೆಂಟಿಮೀಟರ್ ಲೆಕ್ಕ, ಅಂದರೆ ಸುಮಾರು 30 ಇಂಚು. ಎದೆಯ ಕೆಳಗೆ 30 ಇಂಚು ಇರುವವರಿಗೆ 34 ಎಂಬ ಸಂಖ್ಯೆ ಬರುವುದು 4 ಇಂಚು ಕೂಡಿಸುವ ಹಳೆಯ ರೂಢಿಯಿಂದ.

ಅಳತೆ ತೆಗೆಯುವುದು ಹೇಗೆ?

ಪ್ಯಾಡ್ ಇಲ್ಲದ ತೆಳುವಾದ ಬ್ರಾ ಹಾಕಿಕೊಂಡು ಕನ್ನಡಿಯ ಮುಂದೆ ನೇರವಾಗಿ ನಿಲ್ಲಿ. ಟೇಪ್ ಮುಂದೆ, ಹಿಂದೆ ಒಂದೇ ಮಟ್ಟದಲ್ಲಿರಲಿ.

1. ಸ್ತನಗಳ ಕೆಳಗೆ, ಪಕ್ಕೆಲುಬಿನ ಮೇಲೆ ಸುತ್ತಳತೆ ತೆಗೆಯಿರಿ. ಉಸಿರು ಹೊರಬಿಟ್ಟು ಟೇಪನ್ನು ಮೈಗೆ ಅಂಟುವಷ್ಟು ಬಿಗಿಯಾಗಿ ಹಿಡಿಯಿರಿ.
2. ಬಂದ ಸಂಖ್ಯೆ ಸಮವಾಗಿದ್ದರೆ 4, ಬೆಸವಾಗಿದ್ದರೆ 5 ಕೂಡಿಸಿ. 30 ಬಂದರೆ 34. ಇದು ಪಟ್ಟಿಯ ಸೈಜ್.
3. ಎದೆಯ ಅತ್ಯಂತ ಉಬ್ಬಿದ ಭಾಗದಲ್ಲಿ ಟೇಪ್ ಸಡಿಲವಾಗಿ ಹಿಡಿದು ಅಳೆಯಿರಿ. ಒತ್ತಬೇಡಿ.
4. ಮೂರನೆಯ ಅಳತೆಯಿಂದ ಪಟ್ಟಿಯ ಸೈಜ್ ಕಳೆಯಿರಿ. ವ್ಯತ್ಯಾಸ 1 ಇಂಚು ಇದ್ದರೆ ಎ, 2 ಇದ್ದರೆ ಬಿ, 3 ಇದ್ದರೆ ಸಿ, 4 ಇದ್ದರೆ ಡಿ.

ಈಗ ಬ್ಲೌಸ್ ವಿಷಯಕ್ಕೆ ಬರೋಣ. ಟೈಲರ್ ಎದೆಯಳತೆ ತೆಗೆಯುವುದು ಉಬ್ಬಿದ ಭಾಗದಲ್ಲಿ. ಅದು 36 ಇರುವ ಇಬ್ಬರು ಮಹಿಳೆಯರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಎದೆಯ ಕೆಳಗೆ 30 ಇಂಚು, ಇನ್ನೊಬ್ಬರಿಗೆ 28. ಮೊದಲನೆಯವರ ಸೈಜ್ 34ಬಿ, ಎರಡನೆಯವರದು 32ಡಿ. ಬ್ಲೌಸ್ ಅಳತೆ ಒಂದೇ, ಬ್ರಾ ಬೇರೆ. ಇಬ್ಬರೂ 36 ತಂದರೆ ಇಬ್ಬರಿಗೂ ಪಟ್ಟಿ ಸಡಿಲವಾಗುತ್ತದೆ.

ಎಲ್ಲ ಕಂಪನಿಗಳ ಲೆಕ್ಕವೂ ಒಂದೇ ರೀತಿ ಇರುವುದಿಲ್ಲ. ಕೆಲವು ವಿದೇಶಿ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು 4 ಇಂಚು ಕೂಡಿಸುವುದೇ ಇಲ್ಲ. ಆದ್ದರಿಂದ ನಿಮ್ಮ ಎರಡೂ ಅಳತೆಗಳನ್ನು ಬರೆದಿಟ್ಟುಕೊಂಡು, ಕೊಳ್ಳುವ ಕಂಪನಿಯ ಸೈಜ್ ಚಾರ್ಟ್ ಜೊತೆ ಹೋಲಿಸಿ ನೋಡಿ.

ಹಾಕಿ ನೋಡಿದಾಗ ಗಮನಿಸಬೇಕಾದ್ದು

ಟೇಪ್ ಹೇಳುವುದು ಅಂದಾಜು ಮಾತ್ರ. ಕೊನೆಯ ತೀರ್ಮಾನ ಮೈಗೆ ಬಿಟ್ಟದ್ದು.

• ಬೆನ್ನ ಹಿಂದಿನ ಪಟ್ಟಿ ಮೇಲಕ್ಕೆ ಏರಿದರೆ ಪಟ್ಟಿ ಸಡಿಲವಾಗಿದೆ. ಅದು ಮುಂದಿನಷ್ಟೇ ಮಟ್ಟದಲ್ಲಿರಬೇಕು.
• ಪಟ್ಟಿಯ ಕೆಳಗೆ ಎರಡು ಬೆರಳು ತೂರುವಂತಿರಬೇಕು. ತೂರದಿದ್ದರೆ ಬಿಗಿ.
• ಕಪ್ಪಿನ ಮೇಲೆ ಅಥವಾ ಕಂಕುಳ ಕಡೆ ಸ್ತನ ಉಬ್ಬಿ ಹೊರಬಂದರೆ ಕಪ್ ಚಿಕ್ಕದು. ಕಪ್ ಸುಕ್ಕುಗಟ್ಟಿದರೆ ದೊಡ್ಡದು.
• ಭುಜದ ಪಟ್ಟಿ ಚರ್ಮಕ್ಕೆ ಕಚ್ಚಿಕೊಂಡು ಗುರುತು ಬಿದ್ದರೆ, ಕೆಳಗಿನ ಪಟ್ಟಿ ಹೊರಬೇಕಾದ ಭಾರವನ್ನು ಭುಜ ಹೊರುತ್ತಿದೆ ಎಂದರ್ಥ.

ಹೊಸ ಬ್ರಾ ಅತ್ಯಂತ ಸಡಿಲವಾದ ಹುಕ್ಕಿನಲ್ಲೇ ಸರಿಯಾಗಿ ಕೂರಬೇಕು. ಒಗೆದು ಒಗೆದು ಎಲಾಸ್ಟಿಕ್ ಸಡಿಲವಾದಾಗ ಒಳಗಿನ ಹುಕ್ಕುಗಳು ಉಪಯೋಗಕ್ಕೆ ಬರುತ್ತವೆ.

ಕಪ್ ಸರಿಯಿದ್ದು ಪಟ್ಟಿ ಮಾತ್ರ ಬಿಗಿಯಾದರೆ ಸಂಖ್ಯೆಯನ್ನು ಒಂದು ಮೆಟ್ಟಿಲು ಏರಿಸಿ, ಅಕ್ಷರವನ್ನು ಒಂದು ಇಳಿಸಿ. 34ಸಿ ಬಿಗಿಯಾದವರಿಗೆ 36ಬಿ ಹೊಂದಬಹುದು. ಪಟ್ಟಿ ಸಡಿಲವಾದರೆ 32ಡಿ ನೋಡಿ. ಮೂರರಲ್ಲೂ ಕಪ್ಪಿನ ಗಾತ್ರ ಹೆಚ್ಚುಕಡಿಮೆ ಒಂದೇ.

ತಪ್ಪು ಸೈಜಿನಿಂದ ಕ್ಯಾನ್ಸರ್ ಬರುತ್ತದೆಯೇ?

ಇಲ್ಲ. ಈ ಭಯ ಜನಪ್ರಿಯವಾಗಿದ್ದು 1995ರಲ್ಲಿ ಅಮೆರಿಕದಲ್ಲಿ ಬಂದ 'ಡ್ರೆಸ್ಡ್ ಟು ಕಿಲ್' ಎಂಬ ಪುಸ್ತಕದಿಂದ. ಬ್ರಾ ದುಗ್ಧರಸದ ಹರಿವನ್ನು ತಡೆದು ವಿಷವಸ್ತುಗಳು ಸ್ತನದಲ್ಲೇ ಉಳಿಯುವಂತೆ ಮಾಡುತ್ತದೆ ಎಂಬುದು ಅದರ ವಾದ. ಆದರೆ ವಯಸ್ಸು, ತೂಕ, ಹೆರಿಗೆ ಮುಂತಾದ, ಸ್ತನ ಕ್ಯಾನ್ಸರಿನ ಸಾಧ್ಯತೆಯನ್ನು ನಿಜವಾಗಿ ಬದಲಿಸುವ ಅಂಶಗಳನ್ನು ಲೇಖಕರು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸಿಯಾಟಲ್ ನಗರದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಋತುಬಂಧವಾದ 1,500ಕ್ಕೂ ಹೆಚ್ಚು ಮಹಿಳೆಯರನ್ನು ಕಪ್ ಸೈಜ್, ದಿನಕ್ಕೆ ಎಷ್ಟು ಗಂಟೆ ಧರಿಸುತ್ತಾರೆ, ವೈರ್ ಇದೆಯೇ, ಯಾವ ವಯಸ್ಸಿನಲ್ಲಿ ಶುರು ಮಾಡಿದರು ಎಂದೆಲ್ಲ ವಿಚಾರಿಸಲಾಯಿತು. ಇವುಗಳಲ್ಲಿ ಯಾವುದಕ್ಕೂ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಕಪ್ಪು ಬಣ್ಣದಿಂದ ಕ್ಯಾನ್ಸರ್ ಎಂಬ ಮಾತಿಗೂ ಆಧಾರವಿಲ್ಲ. ರಾತ್ರಿ ಧರಿಸುವುದು, ಬಿಡುವುದು ನಿಮ್ಮ ಅನುಕೂಲಕ್ಕೆ ಬಿಟ್ಟದ್ದು.

ಹಾಗಾದರೆ ತೊಂದರೆಯೇ ಇಲ್ಲವೇ? ಇದೆ, ಆದರೆ ಬೇರೆ ಬಗೆಯದು. ಭುಜ, ಕುತ್ತಿಗೆ, ಬೆನ್ನಿನ ನೋವು ಒಂದು. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ತುರಿಕೆ, ಶಿಲೀಂಧ್ರ ಸೋಂಕು ಆಗುವುದು ಇನ್ನೊಂದು. ಟವೆಲ್ ಕೆಳಗೆ ಮುಚ್ಚಿಟ್ಟು ಅರೆಒಣಗಿದ ಬ್ರಾ ಹಾಕಿದರೆ ಇದು ಹೆಚ್ಚಾಗುತ್ತದೆ. ಗಾಳಿ ಬಿಸಿಲಿಗೆ ಹರವಿ ಪೂರ್ತಿ ಒಣಗಿಸಿ.

ಪ್ಯಾಂಟಿ ಸೈಜ್ ಹೇಗೆ?

ಸೊಂಟಕ್ಕಿಂತ ಮುಖ್ಯವಾಗಿ ಪೃಷ್ಠದ ಅತ್ಯಂತ ಅಗಲವಾದ ಭಾಗದ ಸುತ್ತಳತೆ ತೆಗೆದು ಚಾರ್ಟ್ ನೋಡಿ. ತೊಡೆಸಂದಿಯಲ್ಲಿ ಎಲಾಸ್ಟಿಕ್ ಕೊರೆಯುತ್ತಿದ್ದರೆ ಒಂದು ಸೈಜ್ ದೊಡ್ಡದು ಬೇಕು. ಸೆಕೆ ಹೆಚ್ಚಿರುವ ಕಡೆ ಹತ್ತಿ ಬಟ್ಟೆ ಒಳ್ಳೆಯದು.

ಯಾವಾಗ ಮತ್ತೆ ಅಳೆಯಬೇಕು?

ಸೈಜ್ ಜೀವನಪೂರ್ತಿ ಒಂದೇ ಇರುವುದಿಲ್ಲ. ತೂಕ ಬದಲಾದಾಗ, ಗರ್ಭಿಣಿಯಾದಾಗ, ಹಾಲುಣಿಸುವಾಗ, ಋತುಬಂಧದ ನಂತರ ಮತ್ತೆ ಅಳೆಯಿರಿ. ಬೆಳೆಯುವ ಹುಡುಗಿಯರ ಅಳತೆ ಬೇಗ ಬದಲಾಗುತ್ತದೆ. ಮಗಳಿಗೆ ತರುವಾಗ ಅಂದಾಜಿನ ಮೇಲೆ ತರದೆ, ಅಳತೆ ತೆಗೆಯುವುದನ್ನು ಅವಳಿಗೇ ಹೇಳಿಕೊಡಿ.

ಒಂದು ಮುಖ್ಯ ಮಾತು. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಬ್ರಾ ಬದಲಿಸುವುದರಿಂದ ಅದು ತಪ್ಪುವುದಿಲ್ಲ, ಬೇಗ ಪತ್ತೆಯಾದರೆ ಚಿಕಿತ್ಸೆ ಸುಲಭವಾಗುತ್ತದೆ. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಮೊಲೆತೊಟ್ಟಿನಿಂದ ರಕ್ತ, ತೊಟ್ಟು ಒಳಕ್ಕೆ ಸೇರುವುದು, ಚರ್ಮ ಕುಗ್ಗಿ ಗುಳಿ ಬೀಳುವುದು ಕಂಡರೆ ನೋವಿಲ್ಲ ಎಂದು ಸುಮ್ಮನಿರದೆ ವೈದ್ಯರನ್ನು ಕಾಣಿ.

ಬ್ರಾದಿಂದ ಕ್ಯಾನ್ಸರ್ ಎಂಬ ಸಂದೇಶ ಮುಂದಿನ ಸಲ ಗ್ರೂಪಿಗೆ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಕಳಿಸಲೇಬೇಕು ಎನಿಸಿದರೆ ಈ ಅಳತೆಯ ಲೆಕ್ಕ ಕಳಿಸಿ.